ಸಿಂಗಪುರದ ಎಂಪ್ಲಾಯ್‌ಮೆಂಟ್ ಪಾಸ್ ಸೆಲ್ಫ್ ಅಸೆಸ್‌ಮೆಂಟ್ ಟೂಲ್: ಉದ್ಯೋಗಿಯ ಕಡೆಯಿಂದ ಒಂದು ವಿಮರ್ಶೆ

ಸಿಂಗಪುರದ ಕಂಪನಿಯಿಂದ ಕೆಲಸದ ಆಫರ್ ಕೈಗೆ ಬಂದವರಿಗೆ ಮೊದಲು ಕಾಡುವ ಪ್ರಶ್ನೆ ಎಂಪ್ಲಾಯ್‌ಮೆಂಟ್ ಪಾಸ್, ಅಂದರೆ ವಿದೇಶಿ ವೃತ್ತಿಪರರಿಗೆ ಅಲ್ಲಿ ಕೆಲಸ ಮಾಡಲು ಕೊಡುವ ಪರವಾನಗಿ, ಸಿಗುತ್ತದೆಯೇ ಎಂಬುದು. ಅರ್ಜಿ ಹಾಕುವ ಮೊದಲೇ ಇದಕ್ಕೊಂದು ಅಂದಾಜು ಉತ್ತರ ಸಿಗಲೆಂದು ಅಲ್ಲಿನ ಮಾನವಶಕ್ತಿ ಸಚಿವಾಲಯವು ತನ್ನ ಜಾಲತಾಣದಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟೂಲ್ ಎಂಬ ಸೇವೆಯನ್ನು ಒದಗಿಸಿದೆ. ಇದಕ್ಕೆ ಶುಲ್ಕವಿಲ್ಲ, ಅಭ್ಯರ್ಥಿಯೂ ಸ್ವತಃ ತೆರೆದು ನೋಡಬಹುದು. ‘ಪ್ರೊಫೈಲ್ ಅಸೆಸ್‌ಮೆಂಟ್’ ಹೆಸರಿನಲ್ಲಿ ಏಜೆಂಟರು ಹಣ ಕೇಳುವುದು ಮಾಮೂಲಾಗಿರುವ ಈ ವ್ಯವಹಾರದಲ್ಲಿ ಸರ್ಕಾರವೇ ತನ್ನ ಅಳತೆಗೋಲನ್ನು ಬಿಟ್ಟಿಯಾಗಿ ಕೈಗಿಡುವುದು ಸಣ್ಣ ಮಾತಲ್ಲ. ಆದರೂ ಈ ಸಾಧನವನ್ನು ಪರಿಚಿತರ ಆಫರ್‌ಗಳನ್ನು ಇಟ್ಟುಕೊಂಡು ಪರೀಕ್ಷಿಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಇದು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೇಳಿ ಮಾಡಿಸಿದಂತಿದೆ, ಉದ್ಯೋಗಿಗೆ ಮಾತ್ರ ಅರ್ಧ ಚಿತ್ರವನ್ನೇ ತೋರಿಸುತ್ತದೆ.

ಬಳಕೆ ಸುಲಭ. ವಯಸ್ಸು, ಉದ್ಯೋಗ ಕ್ಷೇತ್ರ, ತಿಂಗಳ ನಿಗದಿತ ವೇತನ, ವಿದ್ಯಾರ್ಹತೆ ಮೊದಲಾದ ವಿವರಗಳನ್ನು ತುಂಬಿದರೆ ಸ್ವಲ್ಪ ಹೊತ್ತಿನಲ್ಲಿ ಫಲಿತಾಂಶ ಬರುತ್ತದೆ. ನಮ್ಮವರು ಎಡವುವ ಮೊದಲ ಜಾಗ ವೇತನದ ಕಾಲಂ. ಸಿಟಿಸಿ (ಉದ್ಯೋಗಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಲೆಕ್ಕಕ್ಕೆ ಒಗ್ಗಿಹೋದವರು ಆಫರ್ ಪತ್ರದ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತುಂಬಿಬಿಡುತ್ತಾರೆ. ಸಚಿವಾಲಯವು ಲೆಕ್ಕಕ್ಕೆ ಹಿಡಿಯುವುದು ಮೂಲ ವೇತನ ಮತ್ತು ಪ್ರತಿ ತಿಂಗಳೂ ಬದಲಾಗದೆ ಬರುವ ಭತ್ಯೆಗಳನ್ನು ಮಾತ್ರ. ಬೋನಸ್, ಓವರ್‌ಟೈಮ್, ವರ್ಷಾಂತ್ಯದ ಹೆಚ್ಚುವರಿ ಸಂಬಳ, ಖರ್ಚಿನ ಮರುಪಾವತಿ ಇವು ಯಾವುವೂ ಅದರಲ್ಲಿ ಸೇರುವುದಿಲ್ಲ. ಹೀಗಾಗಿ ಕಾಗದದ ಮೇಲೆ ದೊಡ್ಡದಾಗಿ ಕಾಣುವ ಪ್ಯಾಕೇಜು ಈ ಕಾಲಂಗೆ ಬರುವಷ್ಟರಲ್ಲಿ ಕುಗ್ಗಿರುತ್ತದೆ.

2025ರ ಜನವರಿ 1ರಿಂದ ಹೊಸ ಅರ್ಜಿಗಳಿಗೆ ಅನ್ವಯವಾದ ಕನಿಷ್ಠ ವೇತನ ತಿಂಗಳಿಗೆ 5,600 ಸಿಂಗಪುರ ಡಾಲರ್. ಹಣಕಾಸು ಸೇವೆಗಳ ವಲಯಕ್ಕೆ 6,200. ಇದು 23ರ ಹರೆಯದವರಿಗೆ ಮಾತ್ರ. ವಯಸ್ಸು ಏರಿದಂತೆ ಈ ಮಿತಿಯೂ ಏರುತ್ತಾ ಹೋಗಿ 45 ತುಂಬಿದವರಿಗೆ 10,700 ಡಾಲರ್, ಹಣಕಾಸು ವಲಯದಲ್ಲಿ 11,800 ಡಾಲರ್ ಆಗುತ್ತದೆ. ಮಧ್ಯವಯಸ್ಸಿನವರು ಸುದ್ದಿಯಲ್ಲಿ ಓದಿದ 5,600ರ ಅಂಕಿಯನ್ನೇ ನಂಬಿಕೊಂಡು ಆಫರ್ ಒಪ್ಪಿಕೊಂಡುಬಿಟ್ಟರೆ ತೊಂದರೆ ತಪ್ಪಿದ್ದಲ್ಲ. ಟೂಲ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ವಯಸ್ಸಿಗೆ ತಕ್ಕ ವೇತನವಿಲ್ಲದಿದ್ದರೆ ಮುಲಾಜಿಲ್ಲದೆ ಹೇಳುತ್ತದೆ.

ಕನಿಷ್ಠ ವೇತನ ದಾಟಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ನಿಜವಾದ ಪರೀಕ್ಷೆ ಇರುವುದು 2023ರ ಸೆಪ್ಟೆಂಬರ್ 1ರಿಂದ ಹೊಸ ಅರ್ಜಿಗಳಿಗೂ ಅದರ ಮುಂದಿನ ವರ್ಷದಿಂದ ನವೀಕರಣಗಳಿಗೂ ಜಾರಿಯಾದ ಕಂಪಾಸ್ ಎಂಬ ಅಂಕಪದ್ಧತಿಯಲ್ಲಿ. ಇಲ್ಲಿ 40 ಅಂಕ ಬಂದರೆ ಪಾಸು. ವೇತನ, ವಿದ್ಯಾರ್ಹತೆ, ಕಂಪನಿಯಲ್ಲಿರುವ ರಾಷ್ಟ್ರೀಯತೆಗಳ ವೈವಿಧ್ಯ, ಸ್ಥಳೀಯರಿಗೆ ಕಂಪನಿ ಕೊಟ್ಟಿರುವ ಉದ್ಯೋಗ ಎಂಬ ನಾಲ್ಕು ಅಂಶಗಳಿಗೆ ತಲಾ 0, 10 ಅಥವಾ 20 ಅಂಕ. ಮೊದಲ ಎರಡು ಅಭ್ಯರ್ಥಿಗೆ ಸಂಬಂಧಿಸಿದವು, ಉಳಿದ ಎರಡು ಕಂಪನಿಗೆ. ಕನಿಷ್ಠ ವೇತನ ಪಡೆದ ಮಾತ್ರಕ್ಕೆ ವೇತನದ ಅಂಕ ಬರುವುದಿಲ್ಲ ಎಂಬುದನ್ನು ಬಹಳಷ್ಟು ಜನ ಗಮನಿಸುವುದೇ ಇಲ್ಲ. ಅದೇ ವಲಯದ, ಅದೇ ವಯಸ್ಸಿನ ಸ್ಥಳೀಯ ವೃತ್ತಿಪರರ ವೇತನಗಳ ಸಾಲಿನಲ್ಲಿ 65ನೇ ಪರ್ಸೆಂಟೈಲ್ (ನೂರರಲ್ಲಿ 65 ಮಂದಿಯ ವೇತನಕ್ಕಿಂತ ಮೇಲಿನ ಮಟ್ಟ) ಮುಟ್ಟಿದರೆ 10, 90ನೆಯದನ್ನು ಮುಟ್ಟಿದರೆ 20. ಅದಕ್ಕಿಂತ ಕೆಳಗಿದ್ದರೆ ಸೊನ್ನೆ.

ಇಲ್ಲೊಂದು ಹೋಲಿಕೆಯನ್ನು ಬಿಡಿಸಿ ನೋಡುವುದು ಅಗತ್ಯ. ಹದಿನೈದು ಇಪ್ಪತ್ತು ವೃತ್ತಿಪರರಿರುವ ಸಣ್ಣ ಕಂಪನಿಯೊಂದು ಭಾರತೀಯ ಎಂಜಿನಿಯರ್ ಒಬ್ಬರನ್ನು ಕರೆದಿದೆ ಎಂದುಕೊಳ್ಳಿ. ವೇತನಕ್ಕೆ 10, ಸಾಮಾನ್ಯ ಪದವಿಗೆ 10. ಇಪ್ಪತ್ತೈದಕ್ಕಿಂತ ಕಡಿಮೆ ವೃತ್ತಿಪರರಿರುವ ಕಂಪನಿಗಳಿಗೆ ವೈವಿಧ್ಯ ಮತ್ತು ಸ್ಥಳೀಯ ಉದ್ಯೋಗದ ಅಂಶಗಳಲ್ಲಿ ತಲಾ 10 ಅಂಕವನ್ನು ನಿಯಮವೇ ಕೊಡುತ್ತದೆ. ಒಟ್ಟು 40, ಪಾಸು. ಅದೇ ಪದವಿಯ ಇನ್ನೊಬ್ಬರಿಗೆ ದೊಡ್ಡ ತಂತ್ರಜ್ಞಾನ ಕಂಪನಿಯಿಂದ ಬಹಳ ಹೆಚ್ಚಿನ ಸಂಬಳದ ಆಫರ್ ಬಂದಿದೆ. ವೇತನಕ್ಕೆ ಪೂರ್ತಿ 20, ಪದವಿಗೆ 10. ಆದರೆ ಆ ಕಂಪನಿಯ ವೃತ್ತಿಪರರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಭಾರತೀಯರೇ ಆಗಿರುವುದರಿಂದ ವೈವಿಧ್ಯಕ್ಕೆ ಸೊನ್ನೆ. ಅದೇ ವಲಯದ ಉಳಿದ ಕಂಪನಿಗಳೊಂದಿಗೆ ಹೋಲಿಸಿದಾಗ ಸ್ಥಳೀಯರ ಪ್ರಮಾಣವೂ ತಳಮಟ್ಟದಲ್ಲಿದ್ದು ಅಲ್ಲಿಯೂ ಸೊನ್ನೆ. ಒಟ್ಟು 30, ಫೇಲು. ಹೆಚ್ಚು ಸಂಬಳದವರು, ಪ್ರಾಯಶಃ ಹೆಚ್ಚು ಅನುಭವಿಯೂ ಆದವರು ಹೊರಗುಳಿಯುತ್ತಾರೆ, ಅದೂ ತಮ್ಮ ಕೈಯಲ್ಲಿಲ್ಲದ ಕಾರಣಕ್ಕೆ.

ನಿಯಮದ ಉದ್ದೇಶ ನನಗೆ ಅನ್ಯಾಯವೆನಿಸುವುದಿಲ್ಲ. ಒಂದೇ ದೇಶದವರಿಂದ ಕಚೇರಿ ತುಂಬಿಕೊಳ್ಳದಂತೆ ನೋಡಿಕೊಳ್ಳುವ ಹಕ್ಕು ಆ ದೇಶಕ್ಕಿದೆ. ನನ್ನ ಆಕ್ಷೇಪ ಮಾಹಿತಿಯ ಬಗ್ಗೆ. ಕಂಪನಿಗೆ ಸಂಬಂಧಿಸಿದ ಆ ಎರಡು ಅಂಶಗಳಲ್ಲಿ ತನಗೆಷ್ಟು ಅಂಕ ಎಂಬುದನ್ನು ಕಂಪನಿಯು ಸಚಿವಾಲಯದ ಪೋರ್ಟಲ್‌ನಲ್ಲಿರುವ ವರ್ಕ್‌ಫೋರ್ಸ್ ಇನ್‌ಸೈಟ್ಸ್ ಸೇವೆಯಲ್ಲಿ ನೋಡಿಕೊಳ್ಳಬಹುದು. ಅಭ್ಯರ್ಥಿಗೆ ಆ ಬಾಗಿಲು ತೆರೆಯುವುದಿಲ್ಲ. ಊರಿನ ಕೆಲಸಕ್ಕೆ ರಾಜೀನಾಮೆ ಕೊಡುವವರು, ಮಕ್ಕಳನ್ನು ಶಾಲೆ ಬಿಡಿಸುವವರು ಅಭ್ಯರ್ಥಿಗಳು. ಅಂಕ ತಿಳಿದಿರುವುದು ಮಾತ್ರ ಕಂಪನಿಗೆ. ಆದ್ದರಿಂದ ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಎರಡು ಅಂಕಗಳನ್ನು ಎಚ್‌ಆರ್ ಅವರಲ್ಲಿ ಲಿಖಿತವಾಗಿ ಕೇಳಲೇಬೇಕು. ಕೇಳುವುದರಲ್ಲಿ ಸಂಕೋಚದ ಮಾತೇ ಇಲ್ಲ, ಏಕೆಂದರೆ ಅರ್ಜಿ ಹಾಕುವುದು ಅವರೇ. ಅಭ್ಯರ್ಥಿ ಸ್ವತಃ ಈ ಪಾಸಿಗೆ ಅರ್ಜಿ ಹಾಕುವಂತಿಲ್ಲ.

ಅಂಕ ಕಡಿಮೆ ಬಿದ್ದವರಿಗೆ ಬೋನಸ್ ಅಂಕದ ದಾರಿಯೊಂದಿದೆ. ಕೃತಕ ಬುದ್ಧಿಮತ್ತೆ, ಸೈಬರ್ ಭದ್ರತೆ, ನರ್ಸಿಂಗ್ ಮುಂತಾದ ಕೊರತೆಯಿರುವ ವೃತ್ತಿಗಳ ಪಟ್ಟಿಯಲ್ಲಿ ಹುದ್ದೆ ಇದ್ದರೆ 20 ಅಂಕ ಸೇರುತ್ತದೆ. ಆದರೆ ಕಂಪನಿಯಲ್ಲಿ ಅಭ್ಯರ್ಥಿಯ ದೇಶದವರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು 10ಕ್ಕೆ ಇಳಿಯುತ್ತದೆ. ತಿಂಗಳಿಗೆ 22,500 ಡಾಲರ್ ಅಥವಾ ಹೆಚ್ಚು ನಿಗದಿತ ವೇತನ ಪಡೆಯುವವರಿಗೆ ಕಂಪಾಸ್‌ನಿಂದಲೇ ವಿನಾಯಿತಿ.

ವಿದ್ಯಾರ್ಹತೆಯ ಭಾಗದಲ್ಲಿ ಟೂಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಓದಿದ ಕಾಲೇಜಿನ ಬದಲು ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಆರಿಸುವುದು ಮುಖ್ಯ, ಏಕೆಂದರೆ ಅರ್ಜಿಯ ಹಂತದಲ್ಲಿ ಪದವಿ ಅಸಲಿಯೆಂಬ ಪರಿಶೀಲನಾ ವರದಿಯನ್ನೂ ಕೊಡಬೇಕಾಗುತ್ತದೆ. ಹಳೆಯ ಅಂಕಪಟ್ಟಿಗಳನ್ನು ಹುಡುಕಿಟ್ಟುಕೊಳ್ಳುವುದನ್ನು ಆಫರ್ ಬಂದ ದಿನವೇ ಶುರುಮಾಡುವುದು ಲೇಸು. ಪದವಿಯ ಅಂಕವಿಲ್ಲದೆಯೇ 40 ದಾಟುವವರು ಅದನ್ನು ನಮೂದಿಸದೆ ಬಿಡಬಹುದು. ಆಗ ಪರಿಶೀಲನೆಯ ಗೊಡವೆಯೂ ಇಲ್ಲ.

ಹೂಡಿಕೆದಾರರಿಗೆ ಈ ಟೂಲ್ ಪ್ರಯೋಜನಕ್ಕೆ ಬಾರದು. ಹೊಸ ಉದ್ಯಮ ಕಟ್ಟುವವರ ಆಂಟ್ರೆಪಾಸ್‌ಗೆ ಬೇಕಿರುವುದು ವೇತನದ ಮಿತಿಯಲ್ಲ, ಉದ್ಯಮದ ಹೊಸತನ ಅಥವಾ ಅದಕ್ಕೆ ಸಿಕ್ಕಿರುವ ಬಂಡವಾಳ. ಕಾಫಿ ಅಂಗಡಿ, ಬಾರ್, ಮಸಾಜ್ ಕೇಂದ್ರಗಳಂಥ ವ್ಯವಹಾರಗಳಿಗೆ ಅದು ಸಿಗುವುದಿಲ್ಲ. ಕಾಯಂ ನಿವಾಸ ಬಯಸುವ ದೊಡ್ಡ ಹೂಡಿಕೆದಾರರ ಗ್ಲೋಬಲ್ ಇನ್ವೆಸ್ಟರ್ ಪ್ರೋಗ್ರಾಂ ಆರ್ಥಿಕ ಅಭಿವೃದ್ಧಿ ಮಂಡಳಿಯ ಕೈಯಲ್ಲಿದ್ದು, ಅದಕ್ಕೆ ಉದ್ಯಮದಲ್ಲಿ ಒಂದು ಕೋಟಿ ಡಾಲರ್ ಅಥವಾ ಅನುಮೋದಿತ ನಿಧಿಯಲ್ಲಿ ಎರಡೂವರೆ ಕೋಟಿ ಡಾಲರ್ ತೊಡಗಿಸಬೇಕು. ಈ ಎರಡು ದಾರಿಗಳತ್ತ ಕೈತೋರುವ ಒಂದು ಕೊಂಡಿಯನ್ನಾದರೂ ಫಲಿತಾಂಶದ ಪುಟದಲ್ಲಿ ಕೊಡಬಹುದಿತ್ತು.

ಅದಕ್ಕಿಂತ ನನಗೆ ಹೆಚ್ಚು ಕಾಡುವ ಕೊರತೆ ಕುಟುಂಬದ್ದು. ಟೂಲ್ ಒಬ್ಬ ವ್ಯಕ್ತಿಯ ಅರ್ಹತೆಯನ್ನಷ್ಟೇ ಅಳೆಯುತ್ತದೆ. ಹೆಂಡತಿ ಅಥವಾ ಗಂಡ, ಮಕ್ಕಳನ್ನು ಡಿಪೆಂಡೆಂಟ್ಸ್ ಪಾಸ್‌ನಲ್ಲಿ ಕರೆದುಕೊಂಡು ಹೋಗಲು ನಿಗದಿತ ವೇತನ 6,000 ಡಾಲರ್ ಇರಬೇಕು. ಹಾಗೆ ಬಂದ ಸಂಗಾತಿ ಕೆಲಸಕ್ಕೆ ಸೇರಬೇಕೆಂದರೆ 2021ರ ಮೇ ತಿಂಗಳಿನಿಂದ ಸಾಮಾನ್ಯವಾಗಿ ಪ್ರತ್ಯೇಕ ಕೆಲಸದ ಪಾಸೇ ಬೇಕು. ತಂದೆತಾಯಿಯರನ್ನು ಜೊತೆಗಿಟ್ಟುಕೊಳ್ಳಲು ಬೇಕಾದ ವೇತನ 12,000 ಡಾಲರ್. ನಲವತ್ತೈದು ದಾಟಿದ ಎಂಜಿನಿಯರ್ 10,700ಕ್ಕೆ ಪಾಸ್ ಪಡೆಯಬಹುದು, ವಯಸ್ಸಾದ ತಾಯಿಯನ್ನು ಮಾತ್ರ ಕರೆಸಿಕೊಳ್ಳಲಾರರು. ಆ ವಯಸ್ಸಿನಲ್ಲಿ ಆಫರ್ ಒಪ್ಪುವುದೋ ಬಿಡುವುದೋ ಎಂಬುದು ಎಷ್ಟೋ ಮನೆಗಳಲ್ಲಿ ನಿರ್ಧಾರವಾಗುವುದು ಈ ಒಂದೇ ಪ್ರಶ್ನೆಯ ಮೇಲೆ. ವೇತನದ ಅಂಕಿ ಹೇಗೂ ಟೂಲ್‌ನ ಕೈಯಲ್ಲಿದೆ. ಇನ್ನೂ ಎರಡು ಸಾಲು ಸೇರಿಸಿ ಯಾರನ್ನು ಕರೆದೊಯ್ಯಬಹುದು, ಯಾರನ್ನು ಆಗದು ಎಂದು ಅದೇ ಪುಟದಲ್ಲಿ ತಿಳಿಸುವಂತೆ ಸಚಿವಾಲಯ ಇದನ್ನು ತಿದ್ದಬೇಕು.