ಆರ್‌ಸಿ ಟ್ರಕ್ಕಿನ ಲೊಡಲೊಡ ಸ್ಟೀರಿಂಗ್: ಬೇರಿಂಗ್ ಬೆಲ್‌ಕ್ರ್ಯಾಂಕ್ ಹಾಕಿ 14 ತಿಂಗಳು ಓಡಿಸಿದ ಮೇಲೆ

ನನ್ನ ಆರ್‌ಸಿ, ಅಂದರೆ ರಿಮೋಟಿನಲ್ಲಿ ಓಡಿಸುವ ಪುಟ್ಟ ಟ್ರಕ್ಕಿನ ಮುಂದಿನ ಟೈರ್ ಹಿಡಿದು ಅಲ್ಲಾಡಿಸಿದರೆ ಅದರ ಅಂಚು 9 ಮಿ.ಮೀ. ಅತ್ತಿತ್ತ ಆಡುತ್ತಿತ್ತು. ಟ್ರಕ್ ಆನ್ ಇತ್ತು, ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್) ಗಟ್ಟಿಯಾಗಿ ನಿಂತಿತ್ತು. ಆದರೂ ಅಷ್ಟು ಪ್ಲೇ, ಅಂದರೆ ಸಡಿಲ. ಮನೆ ಟೈಲ್ಸ್ ಮೇಲೆ ಸ್ಕೇಲ್ ಇಟ್ಟು ಅಳೆದಿದ್ದೆ, ಅಂದಾಜಿನ ಲೆಕ್ಕ ಅಲ್ಲ. ಇವತ್ತು ಅದೇ ಜಾಗದಲ್ಲಿ ಅದೇ ಸ್ಕೇಲ್ ಇಟ್ಟರೆ 3 ಮಿ.ಮೀ. ಬರುತ್ತದೆ. ಈ ನಡುವೆ ಏನು ಮಾಡಿದೆ, ಯಾವುದು ಉಪಯೋಗಕ್ಕೆ ಬಂತು, ಯಾವುದಕ್ಕೆ ದುಡ್ಡು ದಂಡವಾಯಿತು ಅಂತ ಬರೆಯುತ್ತಿದ್ದೇನೆ.

ನನ್ನದು 1/10 ಅಳತೆಯ ಶಾರ್ಟ್ ಕೋರ್ಸ್ (ಮಣ್ಣಿನ ರೇಸ್ ಟ್ರಕ್ ಥರದ) ಟ್ರಕ್. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್, ಬ್ರಷ್‌ಲೆಸ್ ಮೋಟರ್, 2 ಸೆಲ್ ಲಿಪೊ ಬ್ಯಾಟರಿ. ಇದು ಐದನೇ ವರ್ಷ. ಕೆಲಸ ಬೆಂಗಳೂರಿನಲ್ಲಿ, ಊರು ತುಮಕೂರು ಕಡೆ. ತಿಂಗಳಿಗೆ ಎರಡು ಮೂರು ಭಾನುವಾರ ಊರಿಗೆ ಹೋಗಿ ಒಣಗಿದ ಕೆರೆ ಅಂಗಳದಲ್ಲಿ ಓಡಿಸುತ್ತೇನೆ. ರಾಗಿ ಕೊಯ್ಲಾದ ಮೇಲೆ ನಮ್ಮ ಹೊಲದಲ್ಲೂ ಓಡುತ್ತದೆ. ಕೆಂಪು ಮಣ್ಣು, ಅದರ ಜೊತೆ ಹರಳು ಹರಳಾದ ಬಿಳಿ ಮರಳು. ಸವೆತಕ್ಕೆಲ್ಲ ಈ ಮಣ್ಣೇ ಮೂಲ.

ಮೊದಲು ಗಮನಿಸಿದ್ದು ಅಣ್ಣನ ಮಗ. "ಚಿಕ್ಕಪ್ಪ, ನೇರ ಬಿಟ್ಟರೂ ತೂರಾಡ್ತಿದೆ" ಅಂದ. ನಾನು ರಿಮೋಟಿನಲ್ಲಿ ಟ್ರಿಮ್ (ಚಕ್ರ ನೇರ ನಿಲ್ಲುವ ಜಾಗ ಸರಿಮಾಡುವ ಗುಂಡಿ) ಎರಡು ಕ್ಲಿಕ್ ಬಲಕ್ಕೆ ಹಾಕಿದೆ. ಸರಿಹೋಯಿತು ಅನ್ನಿಸಿತು. ಒಂದು ಎಡ ತಿರುವು ತಗೊಂಡು ಬಂದರೆ ಮತ್ತೆ ಎಡಕ್ಕೆ ಎಳೆಯುತ್ತಿತ್ತು. ಬಲ ತಿರುವು ತಗೊಂಡರೆ ಬಲಕ್ಕೆ. ನಿಮ್ಮ ಗಾಡಿಯೂ ಹೀಗೆ ಮಾಡುತ್ತಿದ್ದರೆ ಟ್ರಿಮ್ ಮುಟ್ಟಲೇಬೇಡಿ. ಯಾವ ಕಡೆಯಿಂದ ತಿರುಗಿ ಬಂತೋ ಆ ಕಡೆಗೇ ಚಕ್ರ ನಿಲ್ಲುತ್ತಿದೆ ಅಂದರೆ ಜೋಡಣೆಯಲ್ಲಿ ಎಲ್ಲೋ ಪ್ಲೇ ಬಂದಿದೆ ಅಂತಲೇ ಅರ್ಥ. ಅದನ್ನು ಟ್ರಿಮ್ ಸರಿ ಮಾಡಲಾರದು.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಸರ್ವೋ ಸೋತಿದೆ ಅಂದುಕೊಂಡು 15 ಕೆ.ಜಿ.ಯ ಲೋಹದ ಗೇರ್ ಸರ್ವೋ ತರಿಸಿದೆ, 1,600 ರೂಪಾಯಿ. 15 ಕೆ.ಜಿ. ಅಂದರೆ ಸರ್ವೋ ಶಾಫ್ಟಿನಿಂದ 1 ಸೆಂ.ಮೀ. ದೂರದಲ್ಲಿ ಅಷ್ಟು ತೂಕ ತಡೆಯುವ ಬಲ. ನಿಂತಲ್ಲೇ ಚಕ್ರ ತಿರುಗಿಸುವ ಶಕ್ತಿ ಬಂತು, ನಿಜ. ಆದರೆ 9 ಮಿ.ಮೀ. ಪ್ಲೇ 8 ಆಯಿತು, ಅಷ್ಟೇ. ಜೊತೆಗೆ ಹೊಸ ತೊಂದರೆ ಒಂದು ಶುರುವಾಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮುಂದಿನ ವಾರ ಟ್ರಕ್ಕನ್ನು ಮೇಜಿನ ಮೇಲೆ ಇಟ್ಟು, ಬಾಡಿ ತೆಗೆದು, ತಲೆಗೆ ಟಾರ್ಚ್ ಕಟ್ಟಿಕೊಂಡು ಕೂತೆ. ರಿಮೋಟ್ ಆನ್, ಟ್ರಕ್ ಆನ್. ಎಡಗೈಯಲ್ಲಿ ಟೈರ್ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ, ಬಲಗೈಯ ತೋರುಬೆರಳನ್ನು ಒಂದೊಂದೇ ಕೀಲಿನ ಮೇಲೆ ಇಡುತ್ತಾ ಹೋದೆ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಗಟ್ಟಿಯಾಗಿರುವ ಕೀಲಿನಲ್ಲಿ ಎರಡು ತುಂಡೂ ಒಟ್ಟಿಗೆ ಅಲ್ಲಾಡುತ್ತವೆ. ಸವೆದ ಕೀಲಿನಲ್ಲಿ ಒಂದು ಮೊದಲು ಹೊರಟು, ಇನ್ನೊಂದು ತಡವಾಗಿ ಟಕ್ ಅಂತ ಹಿಂದೆ ಬರುತ್ತದೆ. ಸರ್ವೋ ಹಾರ್ನ್ (ಸರ್ವೋ ಶಾಫ್ಟಿಗೆ ಕೂರುವ ತೋಳು) ಹತ್ತಿರ ಏನೂ ಇಲ್ಲ. ಎಡಗಡೆ ಟೈ ರಾಡಿನ ಹೊರ ತುದಿಯಲ್ಲಿ ಸ್ವಲ್ಪ ಟಕ್. ಬೆಲ್‌ಕ್ರ್ಯಾಂಕ್ ಮೇಲೆ ಬೆರಳಿಟ್ಟರೆ ಇಡೀ ತುಂಡೇ ವಾಲುತ್ತಿತ್ತು, ಮೇಲಕ್ಕೂ ಏಳುತ್ತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಥರದ ಟ್ರಕ್ಕಿನಲ್ಲಿ ಸರ್ವೋ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಸರ್ವೋದಿಂದ ಒಂದು ಕಡ್ಡಿ, ಕಡ್ಡಿಯಿಂದ ಮೊಣಕೈ ಥರ ಬಾಗಿದ ಒಂದು ಬೆಲ್‌ಕ್ರ್ಯಾಂಕ್, ಅಲ್ಲಿಂದ ಡ್ರ್ಯಾಗ್ ಲಿಂಕ್ ಮೂಲಕ ಇನ್ನೊಂದು ಬೆಲ್‌ಕ್ರ್ಯಾಂಕ್, ಎರಡರಿಂದಲೂ ಟೈ ರಾಡ್, ಕೊನೆಗೆ ಚಕ್ರ ಹೊತ್ತ ನಕಲ್. ಎರಡೂ ಬೆಲ್‌ಕ್ರ್ಯಾಂಕ್ ಒಂದೊಂದು ಉಕ್ಕಿನ ಗೂಟದ ಸುತ್ತ ತಿರುಗುತ್ತವೆ. ಗೂಟಕ್ಕೂ ಕ್ರ್ಯಾಂಕಿಗೂ ನಡುವೆ ಪ್ಲಾಸ್ಟಿಕ್ ಬುಶ್.

ಪ್ಲೇ ಎಷ್ಟು ಬೇಗ ಬೆಳೆಯುತ್ತದೆ ನೋಡಿ. ನನ್ನ ಟ್ರಕ್ಕಿನಲ್ಲಿ ಟೈ ರಾಡ್ ನಕಲ್ ಹಿಡಿಯುವ ಜಾಗ ಕಿಂಗ್‌ಪಿನ್‌ನಿಂದ (ನಕಲ್ ತಿರುಗುವ ಗೂಟದಿಂದ) ಸುಮಾರು 20 ಮಿ.ಮೀ. ದೂರ. ಟೈರಿನ ಅಂಚು ಸುಮಾರು 55 ಮಿ.ಮೀ. ದೂರ. ಅಂದರೆ ಟೈ ರಾಡಿನಲ್ಲಿ ಅರ್ಧ ಮಿ.ಮೀ. ಸಡಿಲ ಆದರೆ ಟೈರ್ ಅಂಚಿನಲ್ಲಿ ಅದು 1.4 ಮಿ.ಮೀ. ಆಗುತ್ತದೆ. ಇಲ್ಲಿ ಅರ್ಧ, ಅಲ್ಲಿ ಕಾಲು, ಬುಶ್‌ನಲ್ಲಿ ಒಂದು ಅಂತ ಹನಿಹನಿ ಕೂಡಿ ಹಳ್ಳ. ಒಟ್ಟು 3 ಮಿ.ಮೀ. ಚಿಲ್ಲರೆ ಸಡಿಲ ಇದ್ದರೆ ಸಾಕು, ನಾನು ಅಳೆದ 9 ಮಿ.ಮೀ. ಬಂದುಬಿಡುತ್ತದೆ.

ಬಿಚ್ಚಿ ನೋಡಿದರೆ ಬುಶ್ ಒಳಗೆ ಕೆಂಪು ಮಣ್ಣು ಒಣಗಿದ ಮೆಹಂದಿ ಥರ ಅಂಟಿತ್ತು. ತೊಳೆದು ಬೆಳಕಿಗೆ ಹಿಡಿದೆ. ದುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ತಿರುಗಿತ್ತು. ಅದಕ್ಕಿಂತ ಆಶ್ಚರ್ಯ ಆಗಿದ್ದು ಗೂಟ ನೋಡಿ. ಉಕ್ಕಿನ ಗೂಟದ ಮೇಲೆ ಉಗುರು ಎಳೆದರೆ ಗೆರೆ ತಡೆಯುತ್ತಿತ್ತು. ಮೆತ್ತಗಿರುವ ಪ್ಲಾಸ್ಟಿಕ್ ಉಕ್ಕನ್ನು ಹೇಗೆ ಸವೆಸಿತು? ಸವೆಸಿದ್ದು ಪ್ಲಾಸ್ಟಿಕ್ ಅಲ್ಲ, ಮರಳು. ಮರಳಿನ ಕಣ ಮೆತ್ತಗಿನ ಬುಶ್‌ನಲ್ಲಿ ಕಚ್ಚಿಕೊಂಡು ಕೂತುಬಿಡುತ್ತದೆ. ಆಮೇಲೆ ಬುಶ್ ಒಂದು ಉಪ್ಪುಕಾಗದದ ಸುರುಳಿ ಇದ್ದ ಹಾಗೆ. ಹಾಗಾಗಿ ಬರೀ ಬುಶ್ ಬದಲಾಯಿಸಿ ಹಳೇ ಗೂಟ ಇಟ್ಟರೆ ಪ್ರಯೋಜನ ಇಲ್ಲ.

ಹೊಸ ಬೆಲ್‌ಕ್ರ್ಯಾಂಕ್ ಕಿಟ್ ಬರುವುದು ತಡ ಅಂತ ಹಳೇ ಕ್ರ್ಯಾಂಕುಗಳನ್ನು ಪೀಣ್ಯದ ಒಂದು ಲೇತ್ ಅಂಗಡಿಗೆ ತಗೊಂಡು ಹೋಗಿದ್ದೆ. ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಶ್ ಲೇತಿನಲ್ಲಿ ತಿರುಗಿಸಿ ಮಾಡಿ ಕೊಟ್ಟರು. ಎಷ್ಟು ಚೆನ್ನಾಗಿತ್ತು ಅಂದರೆ, ಗೂಟಕ್ಕೆ ಹಾಕಿದರೆ ಕ್ರ್ಯಾಂಕ್ ತನ್ನ ಭಾರಕ್ಕೇ ಮೆಲ್ಲಗೆ ಇಳಿಯುತ್ತಿತ್ತು. ಆ ಲೇತಿನವರು ಒಂದು ಮಾತು ಹೇಳಿದರು: "ಬುಶ್ ಯಾವುದಾದರೂ ಹಾಕಿ ಸಾರ್, ಮಣ್ಣು ಒಳಗೆ ಹೋಗೋದು ನಿಲ್ಲಿಸಿ ಮೊದಲು." ಆಗ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಮೂರೇ ತಿಂಗಳಲ್ಲಿ ಆ ಬುಶ್ ಕೂಡ ಆಡೋಕೆ ಶುರುವಾಯಿತು. ಕೆಲಸದಲ್ಲಿ ಏನೂ ಕೊರತೆ ಇರಲಿಲ್ಲ, ಮಣ್ಣು ತನ್ನ ಕೆಲಸ ಮಾಡಿತ್ತು.

ಆಮೇಲೆ ಹಾಕಿದ್ದೇ ಈಗಿರುವ ಕಿಟ್. ಬ್ರ್ಯಾಂಡ್ ಹೆಸರಿಲ್ಲದ್ದು. ಅಲ್ಯೂಮಿನಿಯಂ ಬೆಲ್‌ಕ್ರ್ಯಾಂಕ್ ಒಂದು ಜೊತೆ, ಡ್ರ್ಯಾಗ್ ಲಿಂಕ್, 5×8×2.5 ಮಿ.ಮೀ. ಬೇರಿಂಗ್ ನಾಲ್ಕು. 1,450 ರೂಪಾಯಿ. ಹೊಸ ಗೂಟಗಳು 220, ಶಿಮ್ (ಸಂದು ತುಂಬುವ ತೆಳು ವಾಷರ್) 150, ರಾಡ್ ಎಂಡ್ (ಟೈ ರಾಡಿನ ತುದಿಯ ಪ್ಲಾಸ್ಟಿಕ್ ಕೀಲು) ಪ್ಯಾಕೆಟ್ 380. ಒಟ್ಟು 2,200. ಮೊದಲೇ ಬೆರಳಿಟ್ಟು ನೋಡಿದ್ದರೆ ಸರ್ವೋದ 1,600 ಉಳಿಯುತ್ತಿತ್ತು.

ಜೋಡಿಸುವಾಗ ಮೂರು ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಮೊದಲನೆಯದು, ಒಂದು ಬೇರಿಂಗ್ ಕೂರುವ ಗುಂಡಿ ಸ್ವಲ್ಪ ಸಡಿಲ ಇತ್ತು, ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ, ತಲೆಕೆಳಗು ಮಾಡಿದರೆ ಬೀಳುತ್ತಿತ್ತು. ಹೊರ ರಿಂಗಿಗೆ ಮಾತ್ರ ಸೂಜಿಮೊನೆಯಷ್ಟು ಲಾಕ್‌ಟೈಟ್ 641 (ಬೇರಿಂಗ್ ಹಿಡಿದಿಡುವ ಗಮ್) ಹಚ್ಚಿ ಕೂರಿಸಿದೆ. ಬೇರಿಂಗ್ ಒಳಗೆ ಅದು ಇಳಿಯದಂತೆ ಎಚ್ಚರ ಬೇಕು. ಎರಡನೆಯದು ಮೇಲೆ ಕೆಳಗೆ ಆಡುವ ಪ್ಲೇ. ಅದಕ್ಕೆ 0.2 ಮಿ.ಮೀ. ದಪ್ಪದ ಶಿಮ್ ಬೇಕು, ಅದೂ 5×7 ಅಳತೆಯದ್ದು. 8 ಮಿ.ಮೀ. ಅಗಲದ ಶಿಮ್ ಹಾಕಿದರೆ ಬೇರಿಂಗಿನ ಹೊರ ರಿಂಗಿಗೂ ತಾಗಿ ಹಿಡಿಯುತ್ತದೆ. ಗೂಟದ ಸ್ಕ್ರೂ ಬಿಗಿ ಮಾಡಿದ ಮೇಲೆ ಟೈ ರಾಡ್ ಬಿಚ್ಚಿಟ್ಟು ಕ್ರ್ಯಾಂಕ್ ಸಲೀಸಾಗಿ ಆಡುತ್ತದಾ ಅಂತ ನೋಡಿಕೊಳ್ಳಿ. ಬೆರಳಿನಿಂದ ತಳ್ಳಿದರೆ ಸರಾಗವಾಗಿ ಹೋಗಬೇಕು, ಎಲ್ಲೂ ತಡೆಯಬಾರದು.

ಮೂರನೆಯದು ಸ್ಕ್ರೂ ಗಮ್. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ನೀಲಿ ಗಮ್ ಹಾಕಿ. ಪ್ಲಾಸ್ಟಿಕ್‌ನೊಳಗೆ ಹೋಗುವ ಸ್ಕ್ರೂಗೆ ಬೇಡ. ಅಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುವುದೂ ಉಂಟು.

ಮೊದಲ ದಿನ ಟೈರ್ ಅಂಚಿನಲ್ಲಿ 2 ಮಿ.ಮೀ. ಬಂತು. ಕೆರೆ ಅಂಗಳದಲ್ಲಿ ಏರಿಯ ಪಕ್ಕಕ್ಕೆ ನೇರ ಬಿಟ್ಟೆ. ರಿಮೋಟಿನ ವ್ಹೀಲ್ ಮುಟ್ಟದೇ ಅಷ್ಟುದ್ದ ಹೋಯಿತು. ಅಣ್ಣನ ಮಗ ಹಿಂದೆಯೇ ಓಡಿಹೋಗಿ ಮಣ್ಣಿನ ಮೇಲಿನ ಚಕ್ರದ ಗುರುತು ನೋಡಿ ಬಂದ. ದಾರ ಹಿಡಿದ ಹಾಗೆ ಇತ್ತು. ನನಗೆ ಆ ಗಾಡಿ ಕೊಂಡ ದಿನದಷ್ಟೇ ಸಂತೋಷ ಆಯಿತು.

ಈಗ ಸರ್ವೋದ ತೊಂದರೆಗೆ ಬರುತ್ತೇನೆ. ಪೂರ್ತಿ ತಿರುಗಿಸಿ ಒಟ್ಟಿಗೇ ಥ್ರಾಟಲ್ ಕೊಟ್ಟರೆ ಟ್ರಕ್ ಒಂದು ಕ್ಷಣ ಸತ್ತ ಹಾಗೆ ನಿಂತು ಮತ್ತೆ ಜೀವ ಪಡೆಯುತ್ತಿತ್ತು. ದೊಡ್ಡ ಸರ್ವೋ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಒಳಗಿನ ಬಿಇಸಿ (ರಿಸೀವರಿಗೂ ಸರ್ವೋಗೂ ಕರೆಂಟ್ ಕೊಡುವ ಭಾಗ) ಕೊಡುವ ವೋಲ್ಟೇಜ್ ಕುಸಿದು ರಿಸೀವರ್ ರೀಸ್ಟಾರ್ಟ್ ಆಗುತ್ತದೆ. ರಿಸೀವರಿನ ಖಾಲಿ ಪೋರ್ಟಿಗೆ ಒಂದು ಕೆಪಾಸಿಟರ್ ಚುಚ್ಚಿದೆ, ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕೆಪಾಸಿಟರ್ ಕ್ಷಣದ ಕುಸಿತಕ್ಕೆ ಮಾತ್ರ ಆಸರೆ. ಕೊನೆಗೆ ಬೇರೆಯೇ ಬಿಇಸಿ ಹಾಕಿದ ಮೇಲೆ ಒಂದು ಸಲವೂ ಆಗಿಲ್ಲ. ದೊಡ್ಡ ಸರ್ವೋ ತಗೊಳ್ಳುವವರು ಈ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಇನ್ನೊಂದು, ಸರ್ವೋ ಶಾಫ್ಟಿನ ಹಲ್ಲು ಎಣಿಸಿ ಹಾರ್ನ್ ಕೊಳ್ಳಿ. ಫ್ಯುಟಾಬಾ, ಸಾವಾಕ್ಸ್ ಥರದವಕ್ಕೆ 25 ಹಲ್ಲು, ಹೈಟೆಕ್‌ನ ಹೆಚ್ಚಿನವಕ್ಕೆ 24, ಜೆಆರ್ ಮತ್ತು ಸಾನ್ವಾಗೆ 23. ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಬಲವಂತ ಮಾಡಿ ಕೂರಿಸಿದರೆ ಹಾರ್ನಿನ ಹಲ್ಲು ಹೋಗುತ್ತದೆ.

ರಿಮೋಟಿನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಲ್ಲಿಯವರೆಗೆ ತಿರುಗಬೇಕು ಅನ್ನುವ ಮಿತಿ) ಸರಿಮಾಡುವುದನ್ನು ಮರೆಯಬೇಡಿ. ನಕಲ್ ತನ್ನ ಮಿತಿಗೆ ತಾಗಿದ ಮೇಲೂ ಸರ್ವೋ ತಳ್ಳುತ್ತಲೇ ಇದ್ದರೆ ಗುಂಯ್ ಅನ್ನುವ ಸದ್ದು ಬರುತ್ತದೆ, ಸರ್ವೋ ಬಿಸಿಯಾಗುತ್ತದೆ. ಸದ್ದು ನಿಲ್ಲುವವರೆಗೆ ಕಡಿಮೆ ಮಾಡುತ್ತಾ ಬನ್ನಿ. ಸರ್ವೋ ಸೇವರ್ ಅನ್ನೂ ಯಾರ ಮಾತಿಗೂ ತೆಗೆಯಬೇಡಿ. ಚಕ್ರ ಕಲ್ಲಿಗೆ ಹೊಡೆದಾಗ ಆ ಸ್ಪ್ರಿಂಗ್ ಬಗ್ಗಿ ಗೇರನ್ನು ಉಳಿಸುತ್ತದೆ.

ತುಂಬಾ ಜನ ಕೇಳುವುದು, ಹೊರಗಿನ ನಕಲ್ ಕೂಡ ಅಲ್ಯೂಮಿನಿಯಂ ಹಾಕಬಾರದಾ ಅಂತ. ನನ್ನ ಖಚಿತ ಉತ್ತರ, ಬೇಡ. ಬೆಲ್‌ಕ್ರ್ಯಾಂಕ್ ಚಾಸಿ ಒಳಗೆ ಬಚ್ಚಿಟ್ಟ ಹಾಗೆ ಇರುತ್ತದೆ, ಅದಕ್ಕೆ ಏಟು ನೇರ ಬೀಳುವುದಿಲ್ಲ. ನಕಲ್ ಹಾಗಲ್ಲ, ಮೊದಲ ಏಟು ಅದಕ್ಕೇ. ನೈಲಾನ್ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಒಂದೋ ಬಾಗಿ ಹಾಗೇ ಉಳಿಯುತ್ತದೆ, ಇಲ್ಲವೇ ಏಟನ್ನು ಒಳಗಿನ ಭಾಗಕ್ಕೆ ದಾಟಿಸುತ್ತದೆ. ಗೆಳೆಯನೊಬ್ಬನ ಟ್ರಕ್ಕಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹೊಲದ ಬದುವಿನ ಕಲ್ಲಿಗೆ ಹೊಡೆದಾಗ ಹೊಳೆಯುವ ನಕಲಿಗೆ ಒಂದು ಗೀರೂ ಬೀಳಲಿಲ್ಲ, ಅದರ ಹಿಂದಿದ್ದ ಕ್ಯಾಸ್ಟರ್ ಬ್ಲಾಕ್ (ನಕಲ್ ಹಿಡಿದಿಡುವ ತುಂಡು) ಮತ್ತು ಸಸ್ಪೆನ್ಷನ್ ಆರ್ಮ್ ಎರಡೂ ಮುರಿದಿದ್ದವು.

ಟೈ ರಾಡಿಗೆ ಮಾತ್ರ ಉಕ್ಕಿನ ಟರ್ನ್‌ಬಕಲ್ ಹಾಕಿಕೊಳ್ಳಿ. ಒಂದು ತುದಿ ಎಡ ಮರೆ (ಥ್ರೆಡ್), ಇನ್ನೊಂದು ಬಲ ಮರೆ ಇರುವುದರಿಂದ ಬಿಚ್ಚದೆಯೇ ಸ್ಪ್ಯಾನರಿನಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ) ಸರಿ ಮಾಡಬಹುದು. ಎರಡೂ ಕಡೆ ಎಡ ಮರೆಯನ್ನು ಒಂದೇ ದಿಕ್ಕಿಗೆ ಹಾಕಿದರೆ ಆಮೇಲೆ ಗೊಂದಲ ಇಲ್ಲ. ಪ್ಲೇ ಇದ್ದಾಗ ನಾನು ಎಷ್ಟು ಟೋ ಇಟ್ಟರೂ ನಿಲ್ಲುತ್ತಿರಲಿಲ್ಲ, ಈಗ ಅರ್ಧ ಸುತ್ತು ತಿರುಗಿಸಿದರೂ ಓಟದಲ್ಲಿ ಗೊತ್ತಾಗುತ್ತದೆ.

14 ತಿಂಗಳು, ಸುಮಾರು 35 ಭಾನುವಾರ. ಆರು ತಿಂಗಳಿಗೆ 2.5 ಮಿ.ಮೀ. ಇತ್ತು, ಈಗ 3. ಬೆಲ್‌ಕ್ರ್ಯಾಂಕ್ ಗೂಟದ ಮೇಲೆ ಬೆರಳಿಟ್ಟರೆ ಈಗಲೂ ಟಕ್ ಇಲ್ಲ. ಎರಡು ಬೇರಿಂಗ್ ಬದಲಾಯಿಸಿದ್ದೇನೆ, ಅದೂ ಜುಲೈ ಮಳೆಯಲ್ಲಿ ಓಡಿಸಿ ಒಣಗಿಸದೇ ಬ್ಯಾಗಿನಲ್ಲಿ ಇಟ್ಟಿದ್ದಕ್ಕೆ. ತಿರುಗಿಸಿದರೆ ಕರಕರ ಅನ್ನುತ್ತಿದ್ದವು. ಈಗ ನೀರು ತಾಗಿದ ದಿನ ಬಿಚ್ಚಿ, ಒಣಗಿಸಿ, ಒಂದು ಹನಿ ಬೇರಿಂಗ್ ಎಣ್ಣೆ ಬಿಡುತ್ತೇನೆ. ಪ್ಲಾಸ್ಟಿಕ್ ರಾಡ್ ಎಂಡಿಗೆ ಮಾತ್ರ ಎಣ್ಣೆ ಬೇಡವೇ ಬೇಡ. ಎಣ್ಣೆಗೆ ಮಣ್ಣು ಅಂಟಿ ಅದೇ ಉಪ್ಪುಕಾಗದ ಆಗುತ್ತದೆ. ಅವನ್ನು ಎರಡು ಸಲ ಬದಲಿಸಿದ್ದೇನೆ, ಆ ಖರ್ಚು ತಪ್ಪಿದ್ದಲ್ಲ.

ಬೇರಿಂಗ್ ಇಷ್ಟು ಬಾಳಿದ್ದಕ್ಕೆ ಕಿಟ್ಟಿನಷ್ಟೇ ಪಾಲು ಒಂದು ತುಂಡು ಬಟ್ಟೆಗೂ ಸಲ್ಲಬೇಕು. ಲೇತಿನವರ ಮಾತು ನೆನಪಾಗಿ, ಮನೆಯಲ್ಲಿದ್ದ ಹಳೇ ಛತ್ರಿ ಬಟ್ಟೆ ಕತ್ತರಿಸಿ, ಟೈ ರಾಡ್ ಹೋಗುವ ಕಡೆ ಸೀಳು ಬಿಟ್ಟು, ಬೆಲ್‌ಕ್ರ್ಯಾಂಕ್ ಮೇಲೆ ವೆಲ್ಕ್ರೋ ಪಟ್ಟಿಯಿಂದ ಮುಚ್ಚಿದ್ದೇನೆ. ಒಳಗೆ ಮಣ್ಣು ಬರುವುದು ಪೂರ್ತಿ ನಿಂತಿಲ್ಲ. ಆದರೆ ಮೊದಲು ಚಮಚದಲ್ಲಿ ಕೆರೆಯುವಷ್ಟು ಸಿಗುತ್ತಿದ್ದದ್ದು ಈಗ ಬ್ರಷ್ ಆಡಿಸಿದರೆ ಹೋಗುತ್ತದೆ. ಬಟ್ಟೆ ಚಕ್ರಕ್ಕೋ ಕಡ್ಡಿಗೋ ಸಿಕ್ಕಿಕೊಳ್ಳದಂತೆ ಪೂರ್ತಿ ಎಡ, ಪೂರ್ತಿ ಬಲ ತಿರುಗಿಸಿ ನೋಡಿ ಕಟ್ಟಿ.

ಈ ಭಾನುವಾರ ಊರಿಗೆ ಹೋಗುವಾಗ ಒಂದು ಜೊತೆ ಕಿಂಗ್‌ಪಿನ್ ಬುಶ್ ತಗೊಂಡು ಹೋಗುತ್ತಿದ್ದೇನೆ. ಬಲಗಡೆಯದು ಬೆರಳಿಗೆ ಟಕ್ ಅನ್ನೋಕೆ ಶುರುವಾಗಿದೆ.