ಸುರತ್ಕಲ್‌ನಿಂದ ಹಂಪನಕಟ್ಟೆಗೆ: ಸಿಟಿ ಬಸ್ಸೋ, ಎಕ್ಸ್‌ಪ್ರೆಸ್ಸೋ, ಸ್ಕೂಟರೋ?

ಮಂಗಳೂರು ಪೇಟೆಯ ನಡುವಿನ ಹಂಪನಕಟ್ಟೆಯ ಅಂಗಡಿ, ಆಫೀಸುಗಳಿಗೆ ಸುರತ್ಕಲ್ ಕಡೆಯಿಂದ ಬರುವವರು ತುಂಬಾ ಜನ, ನಾನೂ ಅವರಲ್ಲಿ ಒಬ್ಬ. ದೂರ ಹೆಚ್ಚೇನಿಲ್ಲ, 16-17 ಕಿಲೋಮೀಟರ್. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾವುದರಲ್ಲಿ ಓಡಾಡುವುದು ಒಳ್ಳೆಯದು ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಸಂಜೆ ಎಷ್ಟು ಗಂಟೆಗೆ ಬಿಡ್ತಾರೆ? ಬೆಳಿಗ್ಗೆ ಹೇಗೋ ಬಂದು ಮುಟ್ಟಬಹುದು, ತೊಂದರೆ ಇರುವುದೆಲ್ಲ ವಾಪಸ್ ಹೋಗುವಾಗ.

ಮೊದಲು ಸಿಟಿ ಬಸ್. ಬೆಳಿಗ್ಗೆ ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ, ಕೈ ತೋರಿಸಿದರೆ ನಿಲ್ಲಿಸುತ್ತಾರೆ. ಆದರೆ ಬೈಕಂಪಾಡಿ, ಪಣಂಬೂರು, ಕೂಳೂರು ಅಂತ ಎಲ್ಲ ಕಡೆ ನಿಲ್ಲಿಸಿಕೊಂಡು, ಕೂಳೂರು ಸೇತುವೆ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಬಿದ್ದು, ಕೊಟ್ಟಾರ ಚೌಕಿ ದಾಟಿ ಲಾಲ್‌ಬಾಗ್‌ಗೆ ಬರುವಷ್ಟರಲ್ಲಿ ಒಂದು ಗಂಟೆ ಆದರೂ ಆಶ್ಚರ್ಯ ಇಲ್ಲ. ಸುರತ್ಕಲ್‌ನಲ್ಲೇ ಹತ್ತಿದರೆ ಸೀಟು ಸಿಗಬಹುದು, ಕುಳಾಯಿಯಲ್ಲಿ ಹತ್ತುವವರು ನಿಂತೇ ಬರಬೇಕು.

ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ ಬಸ್ ಬೆಳಿಗ್ಗೆ ನಿಜವಾಗಿಯೂ ಬೇಗ ತಲುಪಿಸುತ್ತದೆ, ನಿಲ್ಲಿಸುವ ಜಾಗ ಕಡಿಮೆ ಅಲ್ವಾ. ಸಂಜೆ ಮಾತ್ರ ಕಥೆಯೇ ಬೇರೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ನಲ್ಲಿ ಉಡುಪಿಯ ಜನ ತುಂಬಿರುತ್ತಾರೆ, ಸುರತ್ಕಲ್ ಅಂದ ಕೂಡಲೇ ಕಂಡಕ್ಟರ್ ಮುಖ ಬದಲಾಗುತ್ತದೆ. ಹತ್ತಿರ ಇಳಿಯುವವರಿಗೆ ಸೀಟು ಕೊಟ್ಟರೆ ಅವರಿಗೆ ನಷ್ಟ, ಅದು ನನಗೂ ಅರ್ಥವಾಗುತ್ತದೆ, ಆದರೆ ದಿನವಿಡೀ ನಿಂತು ಕೆಲಸ ಮಾಡಿದವರು ಮತ್ತೆ ಬಾಗಿಲಲ್ಲಿ ನೇತಾಡುವುದು ಸರಿಯಲ್ಲ.

ಸ್ಕೂಟರ್ ಹಿಡಿದರೆ ಸಮಯ ನಮ್ಮದು. ಹೋಗಿ ಬರಲು 34 ಕಿಲೋಮೀಟರ್, ಲೀಟರ್‌ಗೆ 45 ಕೊಟ್ಟರೂ ಪೆಟ್ರೋಲಿಗೇ ದಿನಕ್ಕೆ 75 ರೂಪಾಯಿ ದಾಟುತ್ತದೆ. ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಹುಡುಕುವುದು ಬೇರೆ. ನವೆಂಬರ್‌ನಿಂದ ಮೇ ತನಕ ಚೆನ್ನಾಗಿಯೇ ಇರುತ್ತದೆ. ಜೂನ್ ಬಂತೆಂದರೆ ಹೆದ್ದಾರಿ 66ರಲ್ಲಿ ಹೊಂಡ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಬಂದರಿಗೆ ಹೋಗುವ ಲಾರಿ, ಗ್ಯಾಸ್ ಟ್ಯಾಂಕರ್ ಪಕ್ಕದಲ್ಲೇ ಹೋದಾಗ ಕೆಸರು ಮುಖಕ್ಕೆ ಹೊಡೆದು ಎರಡು ಕ್ಷಣ ಏನೂ ಕಾಣುವುದಿಲ್ಲ. ಆ ಎರಡು ಕ್ಷಣ ಸಾಕು. ಮಳೆಗಾಲದ ರಾತ್ರಿ ಸ್ಕೂಟರ್ ಬೇಡವೇ ಬೇಡ, ಇದನ್ನು ಯಾರಿಗೆ ಬೇಕಾದರೂ ಹೇಳುತ್ತೇನೆ.

ರೈಲಿನ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆ ಸ್ಟೇಷನ್ ಇದೆ, ಮಂಗಳೂರು ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದರೆ ಹಂಪನಕಟ್ಟೆಗೆ ನಡೆದೇ ಹೋಗಬಹುದು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವ ಅಂಗಡಿಯ ಟೈಮಿಗೂ ರೈಲಿನ ಟೈಮಿಗೂ ಹೊಂದುವುದಿಲ್ಲ, ದೂರದ ಗಾಡಿಗಳು ಎಷ್ಟೋ ಸೆಂಟ್ರಲ್‌ಗೆ ಬಾರದೆ ಮಂಗಳೂರು ಜಂಕ್ಷನ್ ಸ್ಟೇಷನ್‌ನಿಂದಲೇ ಹೊರಟುಹೋಗುತ್ತವೆ.

ಹೆಂಗಸರ ಲೆಕ್ಕ ಬೇರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ನಮ್ಮ ಅಂಗಡಿಯ ಅಕ್ಕಂದಿರು ತುಂಬಾ ಖುಷಿಪಟ್ಟಿದ್ದರು. ಆದರೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಇಲ್ಲಿ ಓಡುವುದು ಹೆಚ್ಚಿನದು ಖಾಸಗಿ. ಉಡುಪಿ ಕಡೆಯಿಂದ ಬರುವ ಸರ್ಕಾರಿ ಬಸ್ ಹಿಡಿದರೂ ಬಿಜೈಯ ಸರ್ಕಾರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ದುಡ್ಡು ಕೊಡಬೇಕು. ಸಂಬಳ ಕಡಿಮೆ ಇರುವವರಿಗೆ ಅದೂ ಒಂದು ಭಾರವೇ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಆರು ಗಂಟೆಗೆ ಬಿಡುವ ಆಫೀಸಾದರೆ ಕಣ್ಣುಮುಚ್ಚಿ ಸಿಟಿ ಬಸ್, ಬೆಳಿಗ್ಗೆ ತಡವಾದ ದಿನ ಎಕ್ಸ್‌ಪ್ರೆಸ್. ಬಟ್ಟೆ ಅಂಗಡಿಯ ಹಾಗೆ ರಾತ್ರಿ 8.30ರ ತನಕ ಕೆಲಸ ಇದ್ದರೆ ಬೇಸಿಗೆಯಲ್ಲಿ ಸ್ಕೂಟರ್, ಮಳೆಗಾಲದಲ್ಲಿ ಅದೇ ದಾರಿಯ ಮೂರು ಜನ ಸೇರಿ ಒಂದು ರಿಕ್ಷಾ ಗೊತ್ತುಮಾಡಿಕೊಳ್ಳಿ, ಯಾಕೆಂದರೆ ಆ ಹೊತ್ತಿಗೆ ಸಿಟಿ ಬಸ್ಸುಗಳು ಕಡಿಮೆಯಾಗುತ್ತಾ ಹೋಗುತ್ತವೆ. ಅಂಗಡಿ ಮಾಲಕರು ಮನಸ್ಸು ಮಾಡಿದರೆ ಮಳೆಗಾಲದ ನಾಲ್ಕು ತಿಂಗಳು ಎಂಟಕ್ಕೇ ಬಿಡಬಹುದು. ನಾನು ನಮ್ಮಲ್ಲಿ ಕೇಳಿದ್ದೇನೆ, ನೀವೂ ನಿಮ್ಮಲ್ಲಿ ಕೇಳಿ ನೋಡಿ.