ಟ್ಯೂನರ್ ಬಾಕ್ಸ್ ಹಾಕಿಸಿದೆ: ಪಿಕಪ್ ಏನೂ ಜಾಸ್ತಿ ಆಗಲಿಲ್ಲ, ಆದ್ರೂ ತೆಗೆಸಿಲ್ಲ

ಸಂಜೆ ಆರೂವರೆಗೆ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ಬೈಕ್ ಓಡಿಸಿದವರಿಗೆ ನನ್ನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಎರಡನೇ ಗೇರು, ಇಪ್ಪತ್ತರ ಸ್ಪೀಡು. ಎಕ್ಸಲರೇಟರ್ ಚೂರು ತಿರುಗಿಸಿದರೆ ಗಾಡಿ ಮುಗ್ಗರಿಸುತ್ತದೆ, ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ. ಕ್ಲಚ್ ಹಿಡಿದು ಹಿಡಿದು ಎಡಗೈ ಬೆರಳು ಮರಗಟ್ಟುತ್ತವೆ, ಕೆಳಗಿನಿಂದ ಇಂಜಿನ್ ಬಿಸಿ ತೊಡೆ ಸುಡುತ್ತದೆ. ನನ್ನದು ಎರಡು ಸಿಲಿಂಡರಿನ 650 ಸಿಸಿ ಗಾಡಿ, ಬಿಎಸ್6 ಹೊಗೆ ನಿಯಮಕ್ಕೆ ತಕ್ಕಂತೆ ಮಾಡಿದ್ದು. ಕಂಪನಿ ಹೆಸರು ಬೇಡ.

ಜೆ.ಸಿ. ರಸ್ತೆ ಪಕ್ಕದ ಒಂದು ಸಂದಿಯ ಅಂಗಡಿಯಲ್ಲಿ ಕೇಳಿದೆ. ಕೂರಿಸಿ ಫಿಲ್ಟರ್ ಕಾಫಿ ತರಿಸಿದರು. "ಬಾಕ್ಸ್ ಹಾಕ್ಸಿ ಸಾರ್, ಗಾಡಿ ಹಾರುತ್ತೆ" ಅಂದರು. ಬಾಕ್ಸ್ ಅಂದರೆ ಟ್ಯೂನರ್, ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಲೆಕ್ಕ ತಿದ್ದುವ ಎಲೆಕ್ಟ್ರಾನಿಕ್ ಡಬ್ಬಿ. ಹಾರೋದು ಬೇಡ ಗುರು, ಟ್ರಾಫಿಕ್ಕಲ್ಲಿ ನೆಟ್ಟಗೆ ನಡೆದರೆ ಸಾಕು ಅಂದೆ. ಅದೂ ಆಗುತ್ತೆ ಅಂದರು. ಇಂಥ ಅಂಗಡಿಗಳಲ್ಲಿ ಆಗಲ್ಲ ಅನ್ನೋ ಮಾತೇ ಇಲ್ಲ, ಅಲ್ವಾ.

ಮನೆಗೆ ಬಂದು ಒಂದು ವಾರ ಓದಿದೆ. ವಿಷಯ ಇಷ್ಟು. ಪೆಟ್ರೋಲ್ ಪೂರ್ತಿ ಉರಿಯೋಕೆ ಅದರ ತೂಕದ 14.7 ಪಟ್ಟು ಗಾಳಿ ಬೇಕು. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಅಂತ ನೋಡಿ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿಗೆ, ಹೇಳುತ್ತಾ ಇರುತ್ತದೆ, ಇಸಿಯು ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಕೂಡಿಸಿ ಕಳೆದು ಆ ಲೆಕ್ಕದ ಸುತ್ತಮುತ್ತಲೇ ಇಡುತ್ತದೆ, ಯಾಕಂದರೆ ಹೊಗೆಯ ವಿಷ ತೆಗೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡೋದು ಅಲ್ಲೇ. ಹೊಗೆ ಕಮ್ಮಿ, ಮೈಲೇಜ್ ಚೆನ್ನ. ಆದರೆ ಇಂಜಿನ್ ಜಾಸ್ತಿ ಶಕ್ತಿ ಕೊಡೋದು 13ರ ಆಸುಪಾಸಿನಲ್ಲಿ, ಅಂದರೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಇದ್ದಾಗ. ಅದಕ್ಕೆ ಹೋಲಿಸಿದರೆ 14.7ರಲ್ಲಿ ಪೆಟ್ರೋಲ್ ಕಮ್ಮಿ, ಮೆಕ್ಯಾನಿಕ್‌ಗಳು "ಗಾಡಿ ಲೀನ್ ಓಡ್ತಾ ಇದೆ" ಅನ್ನೋದು ಅದನ್ನೇ. ಈಗ ಇ20 ಬೇರೆ, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಒಳಗೇ ಆಮ್ಲಜನಕ ಇರೋದರಿಂದ ಅಷ್ಟೇ ಗಾಳಿಗೆ ಇನ್ನೂ ಸ್ವಲ್ಪ ಜಾಸ್ತಿ ಇಂಧನ ಬೇಕು. ಸೆನ್ಸರ್ ಕೆಲಸ ಮಾಡುವಾಗ ಇಸಿಯು ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಫುಲ್ ಎಕ್ಸಲರೇಟರ್ ಕೊಟ್ಟಾಗ ಮಾತ್ರ ಸೆನ್ಸರ್ ಮಾತು ಕೇಳದೆ ಬಾಯಿಪಾಠದ ಲೆಕ್ಕದ ಮೇಲೆ ಓಡಿಸುತ್ತದೆ.

ಈ ಪೆಟ್ರೋಲ್ ಲೆಕ್ಕ ತಿದ್ದೋಕೆ ಸಿಗುವ ಎಲ್ಲಕ್ಕೂ ಅಂಗಡಿಯಲ್ಲಿ "ಟ್ಯೂನರ್" ಅಂತ ಒಂದೇ ಹೆಸರು, ಆದರೆ ಒಂದೊಂದೂ ಬೇರೆ. ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ "ಪವರ್ ಚಿಪ್" ಅಂತ ಸಿಗುತ್ತಲ್ಲ, ಅದರೊಳಗೆ ಸುಮ್ನೆ ಒಂದು ರೆಸಿಸ್ಟರ್ ಇರುತ್ತದೆ. ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಕುಡಿಸೋದು ಅದರ ಕೆಲಸ. ಈ ಕಡೆ ಕುಡಿಸಿದ್ದನ್ನು ಆ ಕಡೆ ಆಕ್ಸಿಜನ್ ಸೆನ್ಸರ್ ಕಿತ್ತುಕೊಳ್ಳುತ್ತದೆ. ದುಡ್ಡು ದಂಡ. ಇಸಿಯು ಫ್ಲ್ಯಾಶ್ ಅಂದರೆ ಒಳಗಿನ ಮ್ಯಾಪನ್ನೇ, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿಯನ್ನೇ, ಬದಲಿಸೋದು. ಗೊತ್ತಿರುವವರು ಇಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ನಿಲ್ಲಿಸಿ ಮಾಡಿದರೆ ಇದೇ ಒಳ್ಳೆಯದು, ಆದರೆ ವಾರಂಟಿ ಇರುವ ಗಾಡಿಗೆ ನಾನು ಮಾಡಿಸಲ್ಲ. ಉಳಿದದ್ದು ಇಸಿಯುಗೂ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೂ ಮಧ್ಯೆ ಕೂತು ಲೆಕ್ಕ ತಿದ್ದುವ ಪಿಗ್ಗಿಬ್ಯಾಕ್ ಬಾಕ್ಸ್. ಕೊಟ್ಟದ್ದನ್ನು ಸೆನ್ಸರ್ ಕಿತ್ತುಕೊಳ್ಳದಂತೆ ಇಂಥವು ಸಾಮಾನ್ಯವಾಗಿ ಸೆನ್ಸರ್ ಸಿಗ್ನಲನ್ನೂ ತಿದ್ದುತ್ತವೆ. ಅಮೆರಿಕದ ಡೈನೋಜೆಟ್ ಅವರ ಪವರ್ ಕಮಾಂಡರ್ ಇದರಲ್ಲಿ ಹಳೇ ಹೆಸರು. ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಅವರದ್ದೇ ಎರಡಿವೆ: ಫ್ಯುಯೆಲ್‌ಎಕ್ಸ್ ಪೆಟ್ರೋಲ್ ಮಾತ್ರ ನೋಡಿಕೊಳ್ಳುತ್ತದೆ, ಪವರ್‌ಟ್ರಾನಿಕ್ ಸ್ಪಾರ್ಕ್ ಟೈಮಿಂಗನ್ನೂ, ಅಂದರೆ ಕಿಡಿ ಹಾರುವ ಹೊತ್ತನ್ನೂ, ಬದಲಿಸುತ್ತದೆ. ಸೈಲೆನ್ಸರ್, ಏರ್ ಫಿಲ್ಟರ್ ಎಲ್ಲ ಕಂಪನಿಯದ್ದೇ ಇರುವ ಗಾಡಿಗೆ ಟೈಮಿಂಗ್ ಮುಟ್ಟುವುದು ಅತಿಯಾಯಿತು ಅನ್ನಿಸಿ, ಪೆಟ್ರೋಲ್ ಮಾತ್ರ ನೋಡಿಕೊಳ್ಳುವ ಒಂದು ಬಾಕ್ಸ್ ತಗೊಂಡೆ. ಯಾವುದು ಅಂತ ಹೇಳಲ್ಲ, ಹೇಳಿದರೆ ಬ್ರಾಂಡ್ ಜಗಳ ಶುರು.

ಕೊಳ್ಳುವ ಮುಂಚೆ ಒಂದು ಮಾತು. ನನ್ನ ತಮ್ಮನ ಗಾಡಿಯೂ ಹೀಗೇ ಜರ್ಕ್ ಹೊಡೀತಿತ್ತು, ಅವನೂ ಬಾಕ್ಸ್ ಬೇಕು ಅಂತ ಕುಣೀತಿದ್ದ. ಸೆಂಟರ್ ಸ್ಟ್ಯಾಂಡ್ ಹಾಕಿ ಚೈನಿಗೆ ಬೆರಳು ಕೊಟ್ಟು ಎತ್ತಿ ನೋಡಿದರೆ ಮದುವೆ ಮನೆ ತೋರಣದ ಥರ ಜೋತಾಡುತ್ತಿದೆ. ಬಿಗಿ ಮಾಡಿಸಿದ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದ, ಜರ್ಕ್ ಮುಕ್ಕಾಲು ಪಾಲು ಹೋಯಿತು. ನನ್ನ ಗಾಡಿಗೂ ಅದನ್ನೇ ಮೊದಲು ಮಾಡಿಸಿದೆ, ಹೋಗಲಿಲ್ಲ. ಆಮೇಲೇ ದುಡ್ಡು ಬಿಚ್ಚಿದ್ದು.

ಫಿಟ್ಟಿಂಗ್ ಅದೇ ಕಾಫಿ ಅಂಗಡಿಯಲ್ಲಿ. ಸೀಟು ತೆಗೆದು, ಟ್ಯಾಂಕ್ ಎತ್ತಿ, ಇಂಜೆಕ್ಟರ್ ಕಪ್ಲರ್ (ವೈರ್ ಸೇರಿಸುವ ಪ್ಲಗ್) ಬಿಚ್ಚಿ ಬಾಕ್ಸಿನ ಕಪ್ಲರ್ ಮಧ್ಯೆ ಸೇರಿಸಬೇಕು. ವೈರ್ ಕತ್ತರಿಸೋ ಕೆಲಸವೇ ಇಲ್ಲ. ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿದ. ನಾಲ್ಕನೇ ದಿನ ಹೆಬ್ಬಾಳ ಫ್ಲೈಓವರ್ ಮೇಲೆ, ಮಳೆಯಲ್ಲಿ, ಗಾಡಿ ಒಂದೇ ಸಿಲಿಂಡರಲ್ಲಿ ಡಬ ಡಬ ಅನ್ನತೊಡಗಿತು, ಚೆಕ್ ಇಂಜಿನ್ ಲೈಟೂ ಹತ್ತಿತು. ಹಿಂದಿದ್ದ ಕ್ಯಾಬ್ ಡ್ರೈವರ್ ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಹೇಗೋ ಮನೆ ಸೇರಿ, ಟ್ಯಾಂಕ್ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಂದು ಕಪ್ಲರ್ ಪೂರ್ತಿ ಕೂತೇ ಇಲ್ಲ. ಒತ್ತಿದ ತಕ್ಷಣ "ಟಿಕ್" ಅಂತು. ಆ ಒಂದು ಟಿಕ್ ಅಂಗಡಿಯಲ್ಲೇ ಕೇಳಿಸಬೇಕಿತ್ತು! ಜೊತೆಗೆ ವೈರು ಫ್ರೇಮಿಗೆ ಉಜ್ಜಿ ಮೇಲಿನ ಟೇಪ್ ಸವೆದಿತ್ತು. ಫೋನ್ ಮಾಡಿದೆ. "ಮಳೇಲಿ ಹಂಗೇ ಸಾರ್" ಅಂದರು. ನಾನೇ ಟೇಪ್ ಸುತ್ತಿ, ಟ್ಯಾಗ್ ಬಿಗಿದು ಕೂರಿಸಿದೆ. ಅವತ್ತಿನಿಂದ ತೊಂದರೆ ಇಲ್ಲ.

ಈಗ ನಾಲ್ಕು ತಿಂಗಳಾಯಿತು. ಒಂದು ಭಾನುವಾರ ಬಿಡದಿಗೆ ತಟ್ಟೆ ಇಡ್ಲಿಗೆ ಹೋಗಿದ್ದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡಲ್ಲವಲ್ಲ, ಸರ್ವೀಸ್ ರಸ್ತೆಯೇ ಗತಿ. ಪ್ರತಿ ಅರ್ಧ ಕಿಲೋಮೀಟರಿಗೊಂದು ಹಂಪ್, ಮಧ್ಯೆ ಹಸು, ಆಟೋ. ಮುಂಚೆ ಆ ರಸ್ತೆಯಲ್ಲಿ ಅರ್ಧ ದಾರಿಗೇ ಕೈ ಸೋಲುತ್ತಿತ್ತು. ಈ ಸಲ ಹಂಪ್ ಇಳಿದು ಎರಡನೇ ಗೇರಲ್ಲೇ ನಿಧಾನವಾಗಿ ತಿರುಗಿಸಿದರೆ ಗಾಡಿ ಬೆಣ್ಣೆ ಹಾಗೆ ಎತ್ತಿಕೊಂಡಿತು. ಎಕ್ಸಲರೇಟರ್ ಬಿಟ್ಟಾಗಿನ ಪಟ್ ಪಟ್ ಸದ್ದೂ ಕಮ್ಮಿ ಆಗಿದೆ. ಬಿಸಿ? ಸ್ವಲ್ಪ ಕಮ್ಮಿ ಅನ್ನಿಸುತ್ತದೆ, ಆದರೆ ಅಳೆದು ನೋಡಿಲ್ಲ, ದುಡ್ಡು ಕೊಟ್ಟವನ ತೊಡೆಯ ಸಾಕ್ಷಿ ನಂಬಬೇಡಿ. ಟಾಪ್ ಸ್ಪೀಡು, ಪಿಕಪ್ಪಲ್ಲಿ ನನಗೆ ವ್ಯತ್ಯಾಸ ಗೊತ್ತಾಗಿಲ್ಲ. ಲೀಟರಿಗೆ 26 ಕೊಡುತ್ತಿದ್ದದ್ದು ಈಗ 24.

ಗಾಡಿ ವಾರಂಟಿಯಲ್ಲಿದ್ದರೆ ಸರ್ವೀಸ್ ಸೆಂಟರಿನಲ್ಲಿ ಮೊದಲೇ ಬಾಯಿಬಿಟ್ಟು ಕೇಳಿ. ಬರೀ ಹೆದ್ದಾರಿಯಲ್ಲೇ ಓಡಿಸುವವರಾದರೆ ಇದು ಬೇಡವೇ ಬೇಡ, ಆ ದುಡ್ಡಿಗೆ ಒಳ್ಳೇ ಟೈರ್ ಹಾಕಿಸಿ. ದಿನಾ ರಿಂಗ್ ರೋಡಲ್ಲಿ ಸಾಯುವವರಾದರೆ ಯೋಚನೆ ಮಾಡಬಹುದು.

ಬಾಕ್ಸಿಗೆ ಐದಕ್ಕೆ ಮೂರೂವರೆ. ಅಂಗಡಿಗೆ ಒಂದು, ಅದೂ ಕಾಫಿಗೆ.